ಥಾಯ್ಲೆಂಡ್‌ನಲ್ಲಿ ಮನೆ ಕೊಳ್ಳುವ ಮೊದಲು ಒಂದು ಮಳೆಗಾಲ ಅಲ್ಲೇ ಇದ್ದು ನೋಡಿ

"ಫುಕೆಟ್‌ನಲ್ಲಿ ಒಂದು ಸೈಟ್ ತಗೊಂಡು ಹಾಕೋಣ ಅಂತಿದ್ದೀವಿ, ಯಾರನ್ನ ನೋಡಬೇಕು?" ಈ ವರ್ಷ ನನಗೆ ಬಂದ ಮೆಸೇಜ್‌ಗಳಲ್ಲಿ ಅರ್ಧ ಇದೇ. ಕೇಳುವವರೆಲ್ಲ ಡಿಸೆಂಬರ್‌ನಲ್ಲೋ ಜನವರಿಯಲ್ಲೋ ಒಂದು ವಾರ ಬಂದು ಹೋದವರು. ಆ ತಿಂಗಳುಗಳಲ್ಲಿ ಇಲ್ಲಿ ಮಳೆ ಇಲ್ಲ, ಸಮುದ್ರ ಕೆರೆಯ ಹಾಗೆ ಸುಮ್ಮನೆ ಮಲಗಿರುತ್ತದೆ. ಯಾರಿಗೇ ಆದರೂ ಇಲ್ಲೇ ಇದ್ದುಬಿಡೋಣ ಅನಿಸುತ್ತದೆ. ನಮಗೂ ಹಾಗೇ ಅನಿಸಿತ್ತು. ನಾನು, ನನ್ನ ಗಂಡ ಫುಕೆಟ್‌ಗೆ ಬಂದು ಮೂರು ವರ್ಷದ ಮೇಲಾಯಿತು. ಮೊದಲ ವರ್ಷವೇ ಒಂದು ಮನೆಗೆ ಮುಂಗಡ ಕೊಡುವ ತನಕ ಹೋಗಿ ವಾಪಸ್ ಬಂದವರು ನಾವು. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಗೊತ್ತಿರುವುದನ್ನೆಲ್ಲ ಇಲ್ಲೇ ಬರೆದಿಡುತ್ತೇನೆ.

ಮೊದಲು ಸೈಟ್ ಮಾತು ಮುಗಿಸಿಬಿಡುತ್ತೇನೆ. ಇಲ್ಲಿ ವಿದೇಶಿಯರ ಹೆಸರಿಗೆ ಭೂಮಿ ಆಗುವುದಿಲ್ಲ. 1954ರಲ್ಲಿ ಬಂದ ಭೂ ಕಾನೂನು ಅದಕ್ಕೆ ಬಿಡುವುದಿಲ್ಲ. 4 ಕೋಟಿ ಬಾತ್ (ಬಾತ್ ಅಂದರೆ ಇಲ್ಲಿನ ರೂಪಾಯಿ) ಹೂಡಿಕೆ ಮಾಡಿ, ಮಂತ್ರಿಯ ಅನುಮತಿ ತೆಗೆದುಕೊಂಡು, ವಾಸಕ್ಕೆ ಅಂತ ಒಂದು ರೈ ತನಕ ಕೊಳ್ಳುವ ದಾರಿ ಒಂದಿದೆ. ಅದು ನನಗೂ ನಿಮಗೂ ಆಗುವ ಮಾತಲ್ಲ. ಒಂದು ರೈ ಅಂದರೆ 1,600 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 16 ಗುಂಟೆ. ಇನ್ನೂ ಚಿಕ್ಕ ಅಳತೆಗೆ ತರಾಂಗ್ ವಾ ಅನ್ನುತ್ತಾರೆ, ಅದು 4 ಚದರ ಮೀಟರ್. 400 ತರಾಂಗ್ ವಾ ಸೇರಿದರೆ ಒಂದು ರೈ. ಜಾಹೀರಾತಿನಲ್ಲಿ ಬೆಲೆಯನ್ನು ಯಾವ ಅಳತೆಗೆ ಹೇಳಿದ್ದಾರೆ ಅಂತ ನೋಡಿಕೊಳ್ಳದೆ ಗಾಬರಿಯಾದವರು, ಖುಷಿಯಾದವರು ಇಬ್ಬರನ್ನೂ ನೋಡಿದ್ದೇನೆ. ಪತ್ರಗಳಲ್ಲಿ ಇಸವಿ ಕೂಡ ಬುದ್ಧ ಶಕೆಯದು. 543 ಕಳೆಯಬೇಕು. 2568 ಅಂದರೆ 2025.

ಹಾಗಾದರೆ ಇಷ್ಟೊಂದು ವಿದೇಶಿಯರು ವಿಲ್ಲಾಗಳಲ್ಲಿ ಇದ್ದಾರಲ್ಲ, ಅದು ಹೇಗೆ ಅಂತ ಕೇಳುತ್ತೀರಿ. ಜಾಸ್ತಿ ಜನ ಲೀಸ್ ಮೇಲೆ ಇದ್ದಾರೆ. ನಾವು ಸಿಕ್ಕಿಕೊಳ್ಳುತ್ತಿದ್ದದ್ದೂ ಅಲ್ಲೇ.

ಫುಕೆಟ್‌ನ ರವಾಯ್ ಕಡೆ ಒಂದು ಮನೆ. ಎರಡು ಕೋಣೆ, ಹಿಂದೆ ತೆಂಗಿನ ಮರ, ಮುಂದೆ ಚಿಕ್ಕ ಈಜುಕೊಳ. ಏಜೆಂಟ್ ಮೊದಲ ದಿನವೇ "30 ಪ್ಲಸ್ 30 ಪ್ಲಸ್ 30, ತೊಂಬತ್ತು ವರ್ಷ ನಿಮ್ಮದೇ, ಮೊಮ್ಮಕ್ಕಳ ಕಾಲಕ್ಕೂ ಚಿಂತೆ ಇಲ್ಲ" ಅಂದರು. ಕೇಳಲು ತುಂಬ ಚೆನ್ನಾಗಿತ್ತು. ಆದರೆ ಇಲ್ಲಿನ ಸಿವಿಲ್ ಕಾನೂನಿನ 540ನೇ ಕಲಮಿನ ಪ್ರಕಾರ ವಾಸದ ಮನೆಯ ಲೀಸ್ 30 ವರ್ಷ ದಾಟುವಂತಿಲ್ಲ. ಆಮೇಲಿನ ಎರಡು ಮೂವತ್ತು ಬರೀ ಮಾತು. ಮೂವತ್ತು ವರ್ಷ ಆದ ಮೇಲೆ ಜಮೀನಿನ ಮಾಲೀಕರೇ ಇರುತ್ತಾರೋ ಇಲ್ಲವೋ, ಇದ್ದರೂ ಒಪ್ಪುತ್ತಾರೋ ಇಲ್ಲವೋ, ನಡುವೆ ಬೇರೆಯವರಿಗೆ ಮಾರಿದ್ದರೆ ಆ ಹೊಸಬರು ಹಳೇ ಮಾತನ್ನು ಏಕೆ ನಡೆಸಬೇಕು, ಇದು ಯಾವುದಕ್ಕೂ ಕೈಯಲ್ಲಿ ಗಟ್ಟಿ ಹಿಡಿತ ಇಲ್ಲ. ಅಂದರೆ ನೀವು ದುಡ್ಡು ಕೊಡುವುದು 30 ವರ್ಷಕ್ಕೆ. ಹಾಗಂದುಕೊಂಡೇ ಲೆಕ್ಕ ಹಾಕಿ. 30 ವರ್ಷದ ಬಾಡಿಗೆಗಿಂತ ಅದು ಕಮ್ಮಿಯಾದರೆ ಯೋಚನೆ ಮಾಡಬಹುದು. ನಮಗೆ ಕಮ್ಮಿಯಾಗುತ್ತಿರಲಿಲ್ಲ.

ಇನ್ನೊಂದು ಮಾತು. ಊರ ಕಡೆಯಿಂದ ಬಂದವರು ಲೀಸ್ ಅಂದ ಕೂಡಲೇ ನಮ್ಮ ಭೋಗ್ಯದ ಹಾಗೆ ಅಂದುಕೊಳ್ಳುತ್ತಾರೆ. ಇಡಿಗಂಟು ಕೊಟ್ಟು ಇರುವುದು, ಬಿಡುವಾಗ ಇಡಿಗಂಟು ವಾಪಸ್. ಇಲ್ಲಿ ಹಾಗಲ್ಲ. ಕೊಟ್ಟ ದುಡ್ಡು ಹೋಯಿತು, ಅವಧಿ ಮುಗಿದ ದಿನ ಕೈಯಲ್ಲಿ ಏನೂ ಇರುವುದಿಲ್ಲ. ಮತ್ತೆ, ಮೂರು ವರ್ಷಕ್ಕಿಂತ ಜಾಸ್ತಿಯ ಲೀಸ್ ಆದರೆ ಭೂ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ಆಗದಿದ್ದರೆ ಪತ್ರದಲ್ಲಿ ಎಷ್ಟು ವರ್ಷ ಬರೆದಿದ್ದರೂ ಕೋರ್ಟ್‌ನಲ್ಲಿ ನಿಲ್ಲುವುದು ಮೂರೇ ವರ್ಷ. ನೋಂದಣಿ ಶುಲ್ಕ ಶೇಕಡಾ 1, ಸ್ಟಾಂಪ್ ಶೇಕಡಾ 0.1. ಇಷ್ಟು ಉಳಿಸಲು ಹೋಗಿ "ನಮ್ಮ ನಮ್ಮಲ್ಲೇ ಅಗ್ರಿಮೆಂಟ್ ಸಾಕು" ಅನ್ನುವವರ ಮಾತು ಕೇಳಬೇಡಿ.

ನಾವು ಮಾಡಿದ ಒಂದು ಒಳ್ಳೇ ಕೆಲಸ ಅಂದರೆ, ಏಜೆಂಟ್ ತೋರಿಸಿದ ವಕೀಲರನ್ನು ಬಿಟ್ಟು ಬೇರೆ ವಕೀಲರನ್ನು ಹುಡುಕಿದ್ದು. ಅವರು ಕೇಳಿದ ಮೊದಲ ಪ್ರಶ್ನೆ, "ಚನೋಟ್‌ನ ಹಿಂಬದಿ ನೋಡಿದಿರಾ?" ನಾವು ಮುಂಬದಿಯ ಫೋಟೋ ಮಾತ್ರ ನೋಡಿದ್ದೆವು. ಚನೋಟ್ ಅಂದರೆ ಇಲ್ಲಿನ ಗಟ್ಟಿ ಹಕ್ಕುಪತ್ರ. ಅದರ ನೆತ್ತಿಯ ಮೇಲೆ ಕೆಂಪು ಗರುಡ ಇರುತ್ತದೆ. ಗರುಡ ಈ ದೇಶದ ಲಾಂಛನ. ಅಳತೆ ಪಕ್ಕಾ ಆಗಿ, ಮೂಲೆ ಮೂಲೆಗೆ ನಂಬರಿನ ಕಲ್ಲು ನೆಟ್ಟ ಜಮೀನಿಗೆ ಮಾತ್ರ ಈ ಪತ್ರ. ಹಸಿರು ಗರುಡದ್ದು ನೋರ್ ಸೋರ್ 3 ಗೋರ್, ಅದೂ ಮಾರಲು ಬರುತ್ತದೆ, ಆದರೆ ಚನೋಟ್‌ನಷ್ಟು ಗಟ್ಟಿ ಅಲ್ಲ. ಸೋರ್ ಪೋರ್ ಕೋರ್ ಅಂತ ಯಾರಾದರೂ ಅಂದರೆ ಅಲ್ಲಿಂದ ಎದ್ದು ಬನ್ನಿ. ಅದು ಬಡ ರೈತರಿಗೆ ಉಳುಮೆಗೆ ಕೊಟ್ಟ ಜಮೀನು, ಮಾರುವಂತಿಲ್ಲ. ಇದೇ ಫುಕೆಟ್‌ನಲ್ಲಿ ಅಂಥ ಜಮೀನು ಉಳ್ಳವರ ಪಾಲಾದ ಹಗರಣದಿಂದ 1995ರಲ್ಲಿ ಚುವಾನ್ ಲೀಕ್‌ಪೈ ಸರ್ಕಾರ ಸಂಸತ್ತನ್ನೇ ವಿಸರ್ಜಿಸಬೇಕಾಯಿತು.

ಇರಲಿ, ಹಿಂಬದಿಯ ಮಾತಿಗೆ ಬರುತ್ತೇನೆ. ಚನೋಟ್‌ನ ಹಿಂದೆ ಆ ಜಮೀನಿನ ಕೈ ಬದಲಾದ ಕಥೆ ಪೂರ್ತಿ ಇರುತ್ತದೆ. ಯಾರಿಂದ ಯಾರಿಗೆ ಹೋಯಿತು, ಅಡಮಾನ ಇದೆಯಾ, ಮೊದಲೇ ಬೇರೆಯವರಿಗೆ ಲೀಸ್ ಕೊಟ್ಟಿದ್ದಾರಾ, ಎಲ್ಲ. ವಕೀಲರು ಭೂ ಕಚೇರಿಗೆ ಹೋಗಿ ಮೂಲ ಪತ್ರ ತೆಗೆಸಿ ನೋಡಿದರೆ ಅಲ್ಲಿ ಅಡಮಾನ ಇತ್ತು. ಜಮೀನು ಬ್ಯಾಂಕ್ ಸಾಲಕ್ಕೆ ಸಿಕ್ಕಿಬಿದ್ದಿತ್ತು. ಸಾಲ ಕಟ್ಟದಿದ್ದರೆ ಬ್ಯಾಂಕ್ ಜಮೀನು ಹರಾಜು ಹಾಕುತ್ತದೆ, ಅದರ ಮೇಲಿನ ನಮ್ಮ ಲೀಸ್‌ಗೆ ಏನಾಗುತ್ತದೆ ಅಂತ ನಾವು ಕೋರ್ಟ್ ಅಲೆಯಬೇಕು. ಇದನ್ನು ಮಾರುವವರೂ ಹೇಳಲಿಲ್ಲ, ಏಜೆಂಟೂ ಹೇಳಲಿಲ್ಲ. ಕೇಳಿದಾಗ "ಅದೆಲ್ಲ ಕ್ಲಿಯರ್ ಮಾಡಿಕೊಡುತ್ತೇವೆ" ಅಂದರು. ಅವತ್ತು ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಮಾರನೇ ದಿನ ಬೇಡ ಅಂತ ಹೇಳಿದೆವು. ಆ ತೆಂಗಿನ ಮರದ ಮನೆ ಬಿಡುವಾಗ ನನಗೆ ನಿಜಕ್ಕೂ ಹೊಟ್ಟೆ ಉರಿದಿತ್ತು.

ಎರಡನೇ ದಾರಿ ಕಂಪನಿ. ಶೇಕಡಾ 51 ಶೇರು ಥಾಯ್ ಜನರ ಹೆಸರಲ್ಲಿ, 49 ನಿಮ್ಮ ಹೆಸರಲ್ಲಿ, ಕಂಪನಿ ಭೂಮಿ ಕೊಳ್ಳುತ್ತದೆ, ಅದರಲ್ಲಿ ನೀವಿರುತ್ತೀರಿ. ಆ 51ರವರು ನಿಜವಾಗಿ ದುಡ್ಡು ಹಾಕಿ ವ್ಯಾಪಾರ ಮಾಡುವವರಾದರೆ ಸರಿ. ಆದರೆ ಜಾಸ್ತಿ ಕಡೆ ಅವರು ಸಹಿ ಹಾಕಲು ಮಾತ್ರ ಇರುವ ಜನ. ಇದನ್ನು ನಾಮಿನಿ ಅನ್ನುತ್ತಾರೆ, ಇದು ಅಪರಾಧ. 1999ರ ವಿದೇಶಿ ವ್ಯಾಪಾರ ಕಾಯ್ದೆಯಲ್ಲಿ ಮೂರು ವರ್ಷದ ತನಕ ಜೈಲು, 1 ಲಕ್ಷದಿಂದ 10 ಲಕ್ಷ ಬಾತ್ ತನಕ ದಂಡ ಇದೆ. ಭೂಮಿಯನ್ನೂ ಮಾರಿಸುತ್ತಾರೆ. ಫುಕೆಟ್, ಸಮುಯಿ ಎರಡು ಕಡೆಯೂ ಇಂಥ ಕಂಪನಿಗಳ ಕಡತ ತೆಗೆದು ತಪಾಸಣೆ ಮಾಡುತ್ತಿದ್ದಾರೆ. "ಎಲ್ಲರೂ ಮಾಡುತ್ತಾರೆ" ಅನ್ನುವುದು ಕಾರಣ ಅಲ್ಲ. ಬೇರೆ ದೇಶದಲ್ಲಿ, ಬೇರೆ ಭಾಷೆಯಲ್ಲಿ ಪೊಲೀಸ್ ಸ್ಟೇಷನ್ ಹತ್ತುವುದು ಹೇಗಿರುತ್ತದೆ ಅಂತ ಒಮ್ಮೆ ಯೋಚಿಸಿ.

ಥಾಯ್ ಹೆಂಡತಿ ಅಥವಾ ಗಂಡನ ಹೆಸರಲ್ಲಿ ಕೊಳ್ಳುವವರೂ ಇದ್ದಾರೆ. ಆಗ ಭೂ ಕಚೇರಿಯಲ್ಲಿ, ಈ ದುಡ್ಡು ಪೂರ್ತಿ ಅವರದೇ ಅಂತ ವಿದೇಶಿ ಸಂಗಾತಿ ಬರೆದುಕೊಡಬೇಕು. ಅಂಥವರು ತಮ್ಮ ಹೆಸರಿಗೆ ಸಿಥಿ ಕೆಪ್ ಕಿನ್ ಅನ್ನುವ ಹಕ್ಕು ನೋಂದಾಯಿಸಿಕೊಳ್ಳಬಹುದು. ಆ ಮಾತಿನ ಅರ್ಥ ನನಗೆ ತುಂಬ ಇಷ್ಟ, ಕೂಡಿಸಿಕೊಂಡು ತಿನ್ನುವ ಹಕ್ಕು. ಜಮೀನು ಅವರದು, ಬದುಕಿರುವ ತನಕ ಅದರಲ್ಲಿ ಇರುವುದು, ಅದರ ಫಲ ತಿನ್ನುವುದು ನಿಮ್ಮದು.

ಈಗ ನಾನು ಎಲ್ಲಕ್ಕಿಂತ ಜಾಸ್ತಿ ಹೇಳಬೇಕು ಅಂದುಕೊಂಡಿರುವುದಕ್ಕೆ ಬರುತ್ತೇನೆ. ಮಳೆ.

ಫುಕೆಟ್‌ನಲ್ಲಿ ಮಳೆಗಾಲ ಮೇ ತಿಂಗಳಲ್ಲಿ ಶುರುವಾಗಿ ಅಕ್ಟೋಬರ್ ತನಕ ಇರುತ್ತದೆ. ನಮ್ಮ ಕರಾವಳಿಗೆ ಬರುವ ಅದೇ ನೈಋತ್ಯ ಮಳೆ. ಸಮುಯಿ ದ್ವೀಪ ಆಚೆ ಕಡಲಲ್ಲಿದೆ, ಅಲ್ಲಿ ದೊಡ್ಡ ಮಳೆ ಅಕ್ಟೋಬರ್‌ನಿಂದ ಡಿಸೆಂಬರ್‌ಗೆ. ಉತ್ತರದ ಚಿಯಾಂಗ್ ಮಾಯ್‌ನಲ್ಲಿ ಮಳೆಯದಲ್ಲ, ಹೊಗೆಯ ಕಾಟ. ಫೆಬ್ರವರಿಯಿಂದ ಏಪ್ರಿಲ್ ತನಕ ಹೊಲ, ಕಾಡು ಸುಡುತ್ತಾರೆ, ಎದುರಿನ ದೊಯ್ ಸುತೇಪ್ ಬೆಟ್ಟವೇ ಕಾಣದಷ್ಟು ಹೊಗೆ. ಅಲ್ಲಿ ನವೆಂಬರ್‌ನಲ್ಲಿ ಮನೆ ನೋಡಿ ಮನಸೋತವರು ಮಾರ್ಚ್‌ನಲ್ಲಿ ಏರ್ ಪ್ಯೂರಿಫೈಯರ್ ಮುಂದೆ ಕೂತಿರುತ್ತಾರೆ. ಅಸ್ತಮಾ ಇದ್ದವರು ಮನೆಯಲ್ಲಿದ್ದರೆ ಇದನ್ನು ಮೊದಲು ಯೋಚಿಸಿ, ವಿಲ್ಲಾ ಆಮೇಲೆ.

ನಮ್ಮ ಮೊದಲ ಮಳೆಗಾಲ ನಮಗೆ ಸಾಕಷ್ಟು ಕಲಿಸಿತು. ಬಾಡಿಗೆ ಮನೆ ಗುಡ್ಡದ ಬುಡದಲ್ಲಿತ್ತು. ಜನವರಿಯಲ್ಲಿ ನೋಡಿದಾಗ ತಂಪು, ಹಸಿರು. ಜೂನ್‌ನಲ್ಲಿ ಕಪಾಟಿನ ಒಳಗಿದ್ದ ಚಪ್ಪಲಿ, ಬೆಲ್ಟು, ಪಾಸ್‌ಪೋರ್ಟಿನ ಕವರ್ ಎಲ್ಲದರ ಮೇಲೂ ಬೂಷ್ಟು. ಗೋಡೆಯ ಬಣ್ಣ ಅಂಗೈ ಅಗಲ ಎದ್ದು ಬಂತು. ಉಪ್ಪುಗಾಳಿಗೆ ಏಸಿಯ ಹೊರಗಿನ ಪೆಟ್ಟಿಗೆ ತುಕ್ಕು ಹಿಡಿಯಿತು. ರಸ್ತೆ ಎರಡು ಸಲ ಹೊಳೆಯಾಯಿತು. ಇದೆಲ್ಲ ರಿಪೇರಿಗೆ ಬರುವಂಥದ್ದು, ಬಾಡಿಗೆ ಮನೆಯಾದ್ದರಿಂದ ಬಿಟ್ಟೂ ಬರಬಹುದು. ಆದರೆ 2024ರ ಆಗಸ್ಟ್ 23ರ ಬೆಳಗಿನ ಜಾವ ಇದೇ ಫುಕೆಟ್‌ನ ಕರೋನ್ ಕಡೆ ಗುಡ್ಡವೇ ಜಾರಿತು. ದೊಡ್ಡ ಬುದ್ಧನ ವಿಗ್ರಹ ಇರುವ ನಾಕರ್ಡ್ ಗುಡ್ಡದ ಮಣ್ಣು ಕೆಳಗಿನ ಮನೆಗಳ ಮೇಲೆ ಬಂತು, 13 ಜನ ಸತ್ತರು. ಮಲಗಿದ್ದವರು ಮಲಗಿದ್ದಲ್ಲೇ. ಆ ಗುಡ್ಡವನ್ನು ನಾವು ಪ್ರತಿ ವಾರ ನೋಡುತ್ತಿದ್ದೆವು.

ಅವತ್ತಿನಿಂದ "ಸೀ ವ್ಯೂ" ಅನ್ನುವ ಮಾತು ಕೇಳಿದರೆ ನಾನು ಮೊದಲು ಹಿಂದಿನ ಗುಡ್ಡ ನೋಡುತ್ತೇನೆ. ಮರ ಕಡಿದು ಮೆಟ್ಟಿಲು ಮೆಟ್ಟಿಲಾಗಿ ಕೊರೆದಿದ್ದಾರಾ, ನೀರು ಹೋಗಲು ದಾರಿ ಎಲ್ಲಿದೆ, ತಡೆಗೋಡೆಯಲ್ಲಿ ನೀರು ಬಸಿಯುವ ತೂತು ಇದೆಯಾ. ಫುಕೆಟ್‌ನಲ್ಲಿ ಸಮುದ್ರ ಮಟ್ಟದಿಂದ 80 ಮೀಟರ್ ಮೇಲೆ ಕಟ್ಟಡ ಕಟ್ಟುವಂತಿಲ್ಲ ಅನ್ನುವ ನಿಯಮ ಇದೆ. ಗುಡ್ಡದ ಮೇಲಿನ ಮನೆ ತೋರಿಸಿದರೆ ಎತ್ತರ ಎಷ್ಟು, ಕಟ್ಟಡದ ಪರವಾನಗಿ ಎಲ್ಲಿ ಅಂತ ಕೇಳಿ. ಮತ್ತೆ ಸುಮ್ನೆ ಒಂದು ದಿನ ಜೋರು ಮಳೆ ಬರುವಾಗ, ಏಜೆಂಟ್ ಇಲ್ಲದೆ, ನೀವೇ ಹೋಗಿ ಆ ಬೀದಿಯಲ್ಲಿ ಅರ್ಧ ಗಂಟೆ ನಿಂತು ಬನ್ನಿ. ಪತ್ರದಲ್ಲಿ ಇಲ್ಲದ್ದು ಅಲ್ಲಿ ಕಾಣುತ್ತದೆ. ಪಕ್ಕದ ಅಂಗಡಿಯವರು ನೆಲದಿಂದ ಎಷ್ಟು ಎತ್ತರಕ್ಕೆ ಸಾಮಾನು ಇಟ್ಟಿದ್ದಾರೆ ಅಂತ ನೋಡಿದರೂ ಗೊತ್ತಾಗುತ್ತದೆ ಅಲ್ವಾ.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು, ಮೊದಲು ಒಂದು ವರ್ಷ ಬಾಡಿಗೆಗೆ ಇರಿ.

ಬಾಡಿಗೆಯಲ್ಲೂ ನೋಡಬೇಕಾದ್ದು ಇದೆ. ಸಾಮಾನ್ಯವಾಗಿ ಎರಡು ತಿಂಗಳ ಡೆಪಾಸಿಟ್, ಒಂದು ತಿಂಗಳ ಮುಂಗಡ ಕೇಳುತ್ತಾರೆ. ಒಳಗೆ ಕಾಲಿಟ್ಟ ದಿನವೇ ಪ್ರತಿ ಗೋಡೆ, ಪ್ರತಿ ನಲ್ಲಿ, ಸೋಫಾದ ಕೆಳಗಿನ ಕಲೆ ತನಕ ವಿಡಿಯೋ ಮಾಡಿ ಮಾಲೀಕರಿಗೆ ಕಳಿಸಿ. ನಾವು ಮೊದಲ ಮನೆಯಲ್ಲಿ ಹಾಗೆ ಮಾಡಲಿಲ್ಲ. ಬಿಡುವಾಗ ಆ ಬೂಷ್ಟೆಲ್ಲ ನಮ್ಮಿಂದಲೇ ಬಂದದ್ದು ಅಂತ ಡೆಪಾಸಿಟ್‌ನಲ್ಲಿ ಅರ್ಧ ಹಿಡಿದುಕೊಂಡರು. ಕರೆಂಟ್ ಬಿಲ್ ನೇರ ಸರ್ಕಾರಿ ಮೀಟರಿನದಾ, ಮಾಲೀಕರ ಮೂಲಕವಾ ಅಂತ ಕೇಳಿ. ಸರ್ಕಾರಿ ದರ ಯೂನಿಟ್‌ಗೆ 4 ಬಾತ್ ಆಸುಪಾಸು, ಕೆಲವು ಮಾಲೀಕರು 7, 8 ಬಾತ್ ಹಾಕುತ್ತಾರೆ. ಇಲ್ಲಿನ ಸೆಕೆಗೆ ರಾತ್ರಿ ಪೂರ್ತಿ ಏಸಿ ಓಡುವಾಗ ಈ ವ್ಯತ್ಯಾಸ ಚಿಕ್ಕದಲ್ಲ.

ಟಿಎಂ 30 ಅಂತ ಒಂದು ಫಾರಂ ಇದೆ. ವಿದೇಶಿಯರು ಮನೆಗೆ ಬಂದ 24 ಗಂಟೆಯೊಳಗೆ ಮನೆಯ ಮಾಲೀಕರು ಇಮಿಗ್ರೇಷನ್‌ಗೆ ತಿಳಿಸಬೇಕು. ಹೋಟೆಲ್‌ನವರು ತಾವೇ ಮಾಡುತ್ತಾರೆ, ನಿಮಗೆ ಗೊತ್ತೂ ಆಗುವುದಿಲ್ಲ. ಖಾಸಗಿ ಮನೆಯಲ್ಲಿ ಮಾಲೀಕರು ಮರೆಯುತ್ತಾರೆ, ಕೆಲವರು ಬಾಡಿಗೆ ಆದಾಯ ತೋರಿಸಲು ಇಷ್ಟವಿಲ್ಲದೆ ಬೇಕಂತಲೇ ಬಿಡುತ್ತಾರೆ. ಆಮೇಲೆ ವೀಸಾ ವಿಸ್ತರಣೆಗೆ ಹೋದಾಗ ಸಿಕ್ಕಿಕೊಳ್ಳುವುದು ನೀವು. ನಮ್ಮ ವಿಷಯದಲ್ಲಿ ಹಾಗೇ ಆಯಿತು, ಕೌಂಟರಿನಿಂದ ವಾಪಸ್ ಕಳಿಸಿದರು, ಮಾಲೀಕರನ್ನು ಹುಡುಕಿ, ದಂಡ ಕಟ್ಟಿ, ಮತ್ತೆ ಸಾಲಿನಲ್ಲಿ ನಿಂತೆವು. ಕೀ ತೆಗೆದುಕೊಳ್ಳುವ ಮೊದಲೇ "ಟಿಎಂ 30 ಮಾಡಿಕೊಡುತ್ತೀರಾ?" ಅಂತ ಕೇಳಿ. ಇಲ್ಲ ಅಂದರೆ ಬೇರೆ ಮನೆ ನೋಡಿ. 90 ದಿನಕ್ಕಿಂತ ಜಾಸ್ತಿ ಒಂದೇ ಸಮ ಇರುವವರು 90 ದಿನಕ್ಕೊಮ್ಮೆ ವಿಳಾಸ ತಿಳಿಸುವುದು ಬೇರೆ, ಅದು ನಿಮ್ಮ ಜವಾಬ್ದಾರಿ.

ಬರುವವರಿಗೆ ನಾಲ್ಕು ಮಾತು. 2024ರ ಜುಲೈ 15ರಂದು ಭಾರತದವರಿಗೆ ವೀಸಾ ಇಲ್ಲದೆ 60 ದಿನ ಅಂತ ಮಾಡಿದರು. ಅದಕ್ಕೂ ಮೊದಲು 30 ದಿನ ಇತ್ತು. ಇಂಥ ನಿಯಮ ಬದಲಾಗುತ್ತಲೇ ಇರುತ್ತದೆ. ಹಳೇ ವಿಡಿಯೋ ನಂಬಬೇಡಿ, ಟಿಕೆಟ್ ಮಾಡುವ ಮೊದಲು ರಾಯಭಾರ ಕಚೇರಿಯ ಪುಟ ನೋಡಿ. 2025ರ ಮೇ 1ರಿಂದ ಡಿಜಿಟಲ್ ಅರೈವಲ್ ಕಾರ್ಡ್ ಬಂದಿದೆ. ಇಳಿಯುವ ಮೊದಲಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು, ಪೂರ್ತಿ ಉಚಿತ. ಅದಕ್ಕೆ ದುಡ್ಡು ಕೇಳುವ ವೆಬ್‌ಸೈಟ್ ಇಮಿಗ್ರೇಷನ್‌ನದಲ್ಲ. ಅವಧಿ ಮೀರಿ ಉಳಿದರೆ ದಿನಕ್ಕೆ 500 ಬಾತ್, ಹೆಚ್ಚೆಂದರೆ 20,000. ತುಂಬ ದಿನ ಮೀರಿದರೆ ದಂಡದ ಜೊತೆ ವಾಪಸ್ ಬರದಂತೆ ನಿಷೇಧವೂ ಬೀಳುತ್ತದೆ. ಇ-ಸಿಗರೇಟ್ ಇಲ್ಲಿ ನಿಷೇಧ, ಬ್ಯಾಗ್‌ನಲ್ಲಿ ತರಬೇಡಿ.

ಬೈಕ್ ವಿಷಯ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಇಲ್ಲಿ ಯಾವ ಅಂಗಡಿಯಲ್ಲಾದರೂ ಸ್ಕೂಟರ್ ಕೊಡುತ್ತಾರೆ, ಲೈಸೆನ್ಸ್ ಕೇಳುವುದೂ ಇಲ್ಲ. ಆದರೆ ಬಿದ್ದರೆ ಇನ್ಶೂರೆನ್ಸ್‌ನವರು ಕೇಳುತ್ತಾರೆ. ಊರಲ್ಲೇ ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿ, ಅದರಲ್ಲಿ ಎರಡು ಚಕ್ರದ ಗಾಡಿ ಸೇರಿದೆಯಾ ನೋಡಿ. ಟ್ರಾವೆಲ್ ಇನ್ಶೂರೆನ್ಸ್‌ನಲ್ಲಿ ಬೈಕ್ ಅಪಘಾತ ಬರುತ್ತದಾ ಅಂತ ಓದಿ. ಪರ್ಮಿಟ್ ಇಲ್ಲದೆ ಬಿದ್ದು ಕಾಲು ಮುರಿದುಕೊಂಡ ಒಬ್ಬ ಹುಡುಗನಿಗಾಗಿ ನಾವು ಗೆಳೆಯರೆಲ್ಲ ಸೇರಿ ದುಡ್ಡು ಕೂಡಿಸಿದ್ದೇವೆ. ಇನ್ಶೂರೆನ್ಸ್ ಒಂದು ಪೈಸೆ ಕೊಡಲಿಲ್ಲ. ಪಾಸ್‌ಪೋರ್ಟನ್ನು ಅಡ ಇಟ್ಟು ಗಾಡಿ ತೆಗೆದುಕೊಳ್ಳಬೇಡಿ, ದುಡ್ಡಿನ ಡೆಪಾಸಿಟ್ ಕೊಡಿ. ಮಳೆಗಾಲದಲ್ಲಿ ಪಶ್ಚಿಮದ ಬೀಚ್‌ಗಳಲ್ಲಿ ಕೆಂಪು ಬಾವುಟ ಕಂಡರೆ ಮೊಣಕಾಲುದ್ದ ನೀರಿಗೂ ಇಳಿಯಬೇಡಿ. ಮೇಲೆ ಅಲೆ ಚಿಕ್ಕದಾಗಿ ಕಂಡರೂ ಕೆಳಗಿನ ಸೆಳೆತ ಎಳೆದುಕೊಂಡು ಹೋಗುತ್ತದೆ. ಪ್ರತಿ ವರ್ಷ ಸಾಯುತ್ತಾರೆ, ಅದರಲ್ಲಿ ನಮ್ಮವರೂ ಇರುತ್ತಾರೆ. ಆಂಬುಲೆನ್ಸ್‌ಗೆ 1669, ಟೂರಿಸ್ಟ್ ಪೊಲೀಸರಿಗೆ 1155. ಫೋನಿನಲ್ಲಿ ಇವತ್ತೇ ಹಾಕಿಕೊಳ್ಳಿ.

ಇಷ್ಟೆಲ್ಲ ಕೇಳಿಯೂ ಕೊಳ್ಳಲೇಬೇಕು ಅನ್ನುವವರಿಗೆ ನಿಜವಾಗಿ ಉಳಿಯುವುದು ಕಾಂಡೋ, ಅಂದರೆ ಫ್ಲಾಟ್. 1979ರ ಕಾಂಡೋಮಿನಿಯಂ ಕಾಯ್ದೆಯಲ್ಲಿ ಒಂದು ಕಟ್ಟಡದ ಮಾರಾಟದ ಜಾಗದಲ್ಲಿ ಶೇಕಡಾ 49ರ ತನಕ ವಿದೇಶಿಯರ ಹೆಸರಲ್ಲಿ ಇರಬಹುದು. ಪೂರ್ತಿ ಹಕ್ಕು, ಅವಧಿ ಇಲ್ಲ, ನಿಮ್ಮ ಹೆಸರಲ್ಲೇ ಪತ್ರ. ಆದರೆ ಆ ಕಟ್ಟಡದಲ್ಲಿ ವಿದೇಶಿ ಕೋಟಾ ಮುಗಿದಿದ್ದರೆ ನಿಮಗೆ ಸಿಗುವುದು ಮತ್ತೆ ಲೀಸೇ. ಒಂದೇ ಕಟ್ಟಡದಲ್ಲಿ ಒಂದು ಫ್ಲಾಟ್ ಇನ್ನೊಂದಕ್ಕಿಂತ ಅಗ್ಗ ಅಂದರೆ ಎಷ್ಟೋ ಸಲ ಕಾರಣ ಇದೇ ಆಗಿರುತ್ತದೆ. ಕೋಟಾದಲ್ಲಿ ಜಾಗ ಇದೆ ಅನ್ನುವ ಪತ್ರವನ್ನು, ಹಳೇ ಮಾಲೀಕರ ನಿರ್ವಹಣಾ ಬಾಕಿ ಇಲ್ಲ ಅನ್ನುವ ಪತ್ರವನ್ನು ಕಟ್ಟಡದ ಜ್ಯೂರಿಸ್ಟಿಕ್ ಆಫೀಸ್, ಅಂದರೆ ಅದರ ನಿರ್ವಹಣೆ ನೋಡುವ ಕಚೇರಿ, ಕೊಡುತ್ತದೆ. ಎರಡೂ ಇಲ್ಲದೆ ಭೂ ಕಚೇರಿಯಲ್ಲಿ ಕೆಲಸ ಮುಂದೆ ಹೋಗುವುದಿಲ್ಲ.

ದುಡ್ಡು ಬರುವ ರೀತಿ ಇನ್ನೂ ಮುಖ್ಯ. ಅದು ಹೊರದೇಶದಿಂದ ವಿದೇಶಿ ಕರೆನ್ಸಿಯಾಗಿ ಬಂದು ಇಲ್ಲಿನ ಬ್ಯಾಂಕಿನಲ್ಲಿ ಬಾತ್ ಆಗಬೇಕು. ಊರಲ್ಲೇ ಬಾತ್ ಮಾಡಿ ಕಳಿಸಿದರೆ ಕೆಟ್ಟಿತು. ಕಳಿಸುವವರ ಹೆಸರು, ಕೊಳ್ಳುವವರ ಹೆಸರು ಒಂದೇ ಇರಲಿ, ಕಾರಣದ ಜಾಗದಲ್ಲಿ ಕಾಂಡೋ ಖರೀದಿಗೆ ಅಂತ ಬರೆಸಿ. 50,000 ಡಾಲರ್ ಅಥವಾ ಅದಕ್ಕೂ ಮೇಲಾದರೆ ಬ್ಯಾಂಕ್ ಎಫ್‌ಇಟಿ ಫಾರಂ, ಅಂದರೆ ದುಡ್ಡು ಹೊರದೇಶದಿಂದ ಬಂತು ಅನ್ನುವ ದಾಖಲೆ, ಕೊಡುತ್ತದೆ, ಕಮ್ಮಿಯಾದರೆ ಒಂದು ಪತ್ರ. ಆ ಹಾಳೆ ಚಿನ್ನ ಇದ್ದ ಹಾಗೆ. ಹೆಸರಿಗೆ ಮಾಡಿಸಲು ಅದು ಬೇಕು, ಮುಂದೆ ಮಾರಿ ದುಡ್ಡು ವಾಪಸ್ ಕಳಿಸಲೂ ಅದೇ ಬೇಕು. ಭಾರತದಲ್ಲಿ ವಾಸ ಇರುವವರಿಗೆ ಒಬ್ಬರಿಗೆ ವರ್ಷಕ್ಕೆ 2,50,000 ಡಾಲರ್ ಮಿತಿ. 10 ಲಕ್ಷ ರೂಪಾಯಿ ದಾಟಿದ ಮೇಲಿನ ಹಣಕ್ಕೆ ಬ್ಯಾಂಕ್ ಶೇಕಡಾ 20 ಟಿಸಿಎಸ್, ಅಂದರೆ ಕಳಿಸುವಾಗಲೇ ವಸೂಲಿ ಮಾಡುವ ತೆರಿಗೆ, ಹಿಡಿಯುತ್ತದೆ, ಅದು ಆದಾಯ ತೆರಿಗೆ ಲೆಕ್ಕದಲ್ಲಿ ಹೊಂದಾಣಿಕೆ ಆಗುತ್ತದೆ, ಆದರೆ ಅಲ್ಲಿಯ ತನಕ ಆ ದುಡ್ಡು ಕೈಯಲ್ಲಿರುವುದಿಲ್ಲ. ಪ್ರತಿ ವರ್ಷ ರಿಟರ್ನ್‌ನಲ್ಲಿ ಈ ಫ್ಲಾಟ್ ತೋರಿಸಬೇಕು. ಬಿಟ್ಟರೆ 10 ಲಕ್ಷ ರೂಪಾಯಿ ದಂಡದ ತನಕ ಹೋಗುತ್ತದೆ.

ಕಟ್ಟಡವನ್ನೂ ನೋಡಿ. 2025ರ ಮಾರ್ಚ್ 28ರಂದು ಮ್ಯಾನ್ಮಾರ್‌ನಲ್ಲಿ ಭೂಕಂಪ ಆದಾಗ ಅಷ್ಟು ದೂರದ ಬ್ಯಾಂಕಾಕ್‌ನಲ್ಲಿ ಕಟ್ಟುತ್ತಿದ್ದ ಸರ್ಕಾರಿ ಕಟ್ಟಡ ಕುಸಿಯಿತು. ಎಷ್ಟೋ ಎತ್ತರದ ಕಾಂಡೋಗಳ ಗೋಡೆ ಬಿರುಕು ಬಿಟ್ಟವು. ಬ್ಯಾಂಕಾಕ್‌ನಲ್ಲಿ ನೋಡುವವರು ಆಮೇಲಿನ ತಪಾಸಣೆ ವರದಿ ಕೇಳಿ, ಕಟ್ಟಡಕ್ಕೆ ಇನ್ಶೂರೆನ್ಸ್ ಎಷ್ಟಿದೆ ಕೇಳಿ, ಸಿಂಕಿಂಗ್ ಫಂಡ್‌ನಲ್ಲಿ (ದೊಡ್ಡ ರಿಪೇರಿಗೆ ಅಂತ ಎತ್ತಿಟ್ಟ ನಿಧಿ) ದುಡ್ಡು ಉಳಿದಿದೆಯಾ ಕೇಳಿ.

ಇನ್ನೆರಡು ತಪ್ಪು ಕಲ್ಪನೆ. ಕಾಂಡೋ ಕೊಂಡರೆ ವೀಸಾ ಸಿಗುತ್ತದೆ ಅಂತ ಅಂದುಕೊಳ್ಳುತ್ತಾರೆ. ಇಲ್ಲ. ಮನೆ ನಿಮ್ಮದಾದರೂ ದೇಶದಲ್ಲಿ ಇರಲು ಬೇರೆ ಅನುಮತಿ ಬೇಕು. 50 ದಾಟಿದವರು ನಿವೃತ್ತಿ ದಾರಿಯಲ್ಲಿ ಬ್ಯಾಂಕ್‌ನಲ್ಲಿ 8 ಲಕ್ಷ ಬಾತ್ ಅಥವಾ ತಿಂಗಳಿಗೆ 65,000 ಬಾತ್ ಆದಾಯ ತೋರಿಸಿ ಇರುತ್ತಾರೆ. ಎರಡನೆಯದು, ನಾವಿಲ್ಲದಾಗ ದಿನದ ಬಾಡಿಗೆಗೆ ಕೊಟ್ಟರೆ ಸಾಲ ತಾನೇ ತೀರುತ್ತದೆ ಅನ್ನುವ ಲೆಕ್ಕ. ಕಾಂಡೋವನ್ನು 30 ದಿನಕ್ಕಿಂತ ಕಮ್ಮಿ ಅವಧಿಗೆ ಕೊಡುವುದು ಹೋಟೆಲ್ ಕಾಯ್ದೆಗೆ ಬರುತ್ತದೆ. 2018ರಲ್ಲೇ ಹುವಾ ಹಿನ್ ಕೋರ್ಟ್ ಹಾಗೆ ಕೊಟ್ಟವರ ವಿರುದ್ಧ ತೀರ್ಪು ಕೊಟ್ಟಿದೆ. ಆ ಆದಾಯ ನಂಬಿ ಕೊಳ್ಳಬೇಡಿ. ಮತ್ತೆ ಒಂದು ಉಯಿಲು ಥಾಯ್ ಭಾಷೆಯಲ್ಲೂ ಮಾಡಿಸಿಡಿ. ಕಾನೂನಿನ ಅರ್ಹತೆ ಇಲ್ಲದ ವಿದೇಶಿ ವಾರಸುದಾರರು ಒಂದು ವರ್ಷದೊಳಗೆ ಮಾರಬೇಕಾಗುತ್ತದೆ, ಮಕ್ಕಳಿಗೆ ಇದು ಮೊದಲೇ ಗೊತ್ತಿರಲಿ.

ನಾವು ಈಗ ನೋಡುತ್ತಿರುವುದು ಫುಕೆಟ್ ಪೇಟೆಯೊಳಗಿನ ಒಂದು ಹಳೇ ಕಾಂಡೋ. ಐದನೇ ಮಹಡಿ, ಸಮುದ್ರ ಕಾಣುವುದಿಲ್ಲ, ಗುಡ್ಡ ದೂರ ಇದೆ, ಮಾರ್ಕೆಟ್ ನಡೆಯುವ ದೂರದಲ್ಲಿದೆ. ಜೋರು ಮಳೆಯಲ್ಲಿ ಎರಡು ಸಲ ಹೋಗಿ ನೋಡಿದ್ದೇವೆ. ರಸ್ತೆಯಲ್ಲಿ ನೀರು ನಿಲ್ಲಲಿಲ್ಲ, ಆದರೆ ಬಾಲ್ಕನಿಯ ಮೂಲೆಯಲ್ಲಿ ಜಿನುಗುತ್ತಿತ್ತು. ಮಾಲೀಕರನ್ನು ಕರೆದು ತೋರಿಸಿದೆವು, ಸರಿ ಮಾಡಿಸುತ್ತೇನೆ ಅಂದಿದ್ದಾರೆ. ಕೋಟಾ ಪತ್ರಕ್ಕೆ ಅರ್ಜಿ ಕೊಟ್ಟಿದ್ದೇವೆ. ಮುಂದಿನ ದೊಡ್ಡ ಮಳೆ ಬಂದ ದಿನ ಹೋಗಿ ಆ ಮೂಲೆಯನ್ನು ಇನ್ನೊಂದು ಸಲ ಮುಟ್ಟಿ ನೋಡಿ ಬರುತ್ತೇವೆ.